ಅನ್ಯ ನಾಗರಿಕತೆಯನ್ನು ಬರೆಯುವ ಬಗೆ: ಅಲ್ಬೆರೂನಿಯ ‘ಕಿತಾಬ್ ಅಲ್-ಹಿಂದ್’ – ಒಂದು ಅಧ್ಯಯನ

ಒಂದು ನಾಗರಿಕತೆಯ ಸಂಸ್ಕೃತಿ ಮತ್ತು ಇತಿಹಾಸಗಳನ್ನು ಕುರಿತು ಬೇರೊಂದು ನಾಗರಿಕತೆಗೆ ಸೇರಿದವರು ಬರೆದ ಗ್ರಂಥಗಳು ಇತಿಹಾಸ ಸಂಶೋಧನೆಯಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿವೆ. ಶಾಸನಗಳೂ ದೇಶೀಯ ಸಾಹಿತ್ಯಕೃತಿಗಳೂ ಮೌನವಾಗಿರುವ ಎಡೆಗಳಲ್ಲಿ ಇವು ಮಾತನಾಡುತ್ತವೆ. ಸ್ಥಳೀಯರು ನಿತ್ಯದ ಸಂಗತಿಯೆಂದು ಬರೆಯದೆ ಬಿಟ್ಟದ್ದನ್ನು ಹೊರಗಿನವನು ವಿಶೇಷವೆಂದು ಭಾವಿಸಿ ಗುರುತಿಸಿಡುತ್ತಾನೆ. ಈ ಕಾರಣದಿಂದಲೇ ಮೆಗಸ್ತನೀಸ್, ಹ್ಯೂಯೆನ್ ತ್ಸಾಂಗ್, ಅಲ್ಬೆರೂನಿ, ಅಬ್ದುಲ್ ರಜಾಕ್ ಮೊದಲಾದವರ ಹೆಸರುಗಳು ನಮ್ಮ ಪಠ್ಯಗಳಲ್ಲಿ ‘ವಿದೇಶೀ ಬರಹಗಳು’ ಎಂಬ ಒಂದೇ ಶೀರ್ಷಿಕೆಯಡಿ ಒಟ್ಟಾಗಿ ಬರುತ್ತವೆ. ಹೀಗೆ ಒಟ್ಟುಗೂಡಿಸುವುದರಿಂದ ಅನುಕೂಲವಿದೆಯಾದರೂ ಒಂದು ಮುಖ್ಯವಾದ ಪ್ರಶ್ನೆ ಮರೆಯಾಗಿಬಿಡುತ್ತದೆ. ಬರೆದವನಿಗೆ ತಾನು ಬರೆದ ಸಂಗತಿ ತಿಳಿದುಬಂದದ್ದು ಹೇಗೆ? ಅವನು ಕಂಡನೆ, ಕೇಳಿದನೆ, ಓದಿದನೆ? ಓದಿದ್ದರೆ ಯಾವ ಭಾಷೆಯಲ್ಲಿ, ಯಾರ ನೆರವಿನಿಂದ? ಇದಕ್ಕೆ ಗ್ರಂಥದೊಳಗೇ ಉತ್ತರ ದೊರೆಯುವುದು ವಿರಳ. ದೊರೆಯುವ ಗ್ರಂಥಗಳಲ್ಲಿ ಅಲ್ಬೆರೂನಿಯ ‘ಕಿತಾಬ್ ಅಲ್-ಹಿಂದ್’ ಅಗ್ರಗಣ್ಯವಾದುದು. ಪ್ರಸ್ತುತ ಲೇಖನದಲ್ಲಿ ಆ ಗ್ರಂಥದ ವಿಧಾನವನ್ನೂ, ಅದನ್ನು ನಾವು ಬಳಸಿಕೊಳ್ಳುತ್ತ ಬಂದಿರುವ ಬಗೆಯನ್ನೂ ಪರಿಶೀಲಿಸಲು ಪ್ರಯತ್ನಿಸಲಾಗಿದೆ.

ಮೇಲಿನ ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಿದ್ಧವಾದ ಒಂದು ಗ್ರಂಥದ ಕಥೆಯನ್ನು ಮೊದಲು ನೋಡಬಹುದು. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದು ನೆಲೆಸಿದವರು. ಇಲ್ಲಿಯ ಉಡುಗೆಯನ್ನು ತೊಟ್ಟು, ಇಲ್ಲಿಯ ಊಟವನ್ನೇ ಉಂಡು, ಜನರೊಡನೆ ಬೆರೆತು ಬಾಳಿದವರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಅವರು ಒಪ್ಪಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಮದರಾಸು ಸರ್ಕಾರ 2000 ಪಗೋಡಗಳನ್ನು ಕೊಟ್ಟು ಅದನ್ನು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. 1897ರ ಪರಿಷ್ಕೃತ ಆವೃತ್ತಿಗೆ ಮ್ಯಾಕ್ಸ್ ಮುಲ್ಲರ್ ಅವರೇ ಮುನ್ನುಡಿ ಬರೆದರು. ಹೀಗೆ ಅದು ನೂರೈವತ್ತು ವರ್ಷಗಳಿಗೂ ಮೀರಿ ಪ್ರತ್ಯಕ್ಷದರ್ಶಿಯೊಬ್ಬನ ಬರಹವೆಂಬ ಗೌರವವನ್ನು ಉಳಿಸಿಕೊಂಡಿತು. ಆದರೆ 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ತಮ್ಮ ಎರಡು ಸಂಪುಟಗಳ ಅಧ್ಯಯನದಲ್ಲಿ ಇದರ ಬಹುಭಾಗಕ್ಕೆ ಆಧಾರವಾದದ್ದು ಪುದುಚೇರಿಯಲ್ಲಿ 1779ರಲ್ಲಿ ತೀರಿಕೊಂಡ ಜೆಸ್ಯೂಟ್ ಪಾದ್ರಿ ಕೂರ್ದೂ ಅವರ ಹಸ್ತಪ್ರತಿ ಎಂದು ತೋರಿಸಿದರು. ದ್ಯುಬುವಾ ಅವರಿಗೆ ಪ್ರತ್ಯಕ್ಷಾನುಭವ ಇರಲಿಲ್ಲವೆಂದು ಇದರ ಅರ್ಥವಲ್ಲ. ಅವರು ಕಂಡದ್ದು ಯಾವುದು, ಎತ್ತಿಕೊಂಡದ್ದು ಯಾವುದು ಎಂದು ಓದುಗನು ಬೇರ್ಪಡಿಸಲಾರ. ಮೈಸೂರಿನ ಮದುವೆಯ ವಿಧಿಯೆಂದು ನಾವು ಉಲ್ಲೇಖಿಸುವ ಸಂಗತಿ ಬೇರೊಂದು ಸೀಮೆಯದೂ, ಒಂದು ತಲೆಮಾರಿನಷ್ಟು ಹಿಂದಿನದೂ ಆಗಿರಬಹುದು.

ಇದಕ್ಕೆ ತೀರ ವಿರುದ್ಧವಾದ ತುದಿಯಲ್ಲಿ ಜೇಮ್ಸ್ ಮಿಲ್ ಅವರ ‘ಬ್ರಿಟಿಷ್ ಇಂಡಿಯಾದ ಇತಿಹಾಸ’ (1817) ನಿಲ್ಲುತ್ತದೆ. ತಾವು ಭಾರತವನ್ನು ಕಂಡವರಲ್ಲ, ಅಲ್ಲಿಯ ಭಾಷೆಗಳನ್ನು ಬಲ್ಲವರೂ ಅಲ್ಲ ಎಂದು ಮಿಲ್ ಮುನ್ನುಡಿಯಲ್ಲಿ ಒಪ್ಪಿಕೊಂಡದ್ದಷ್ಟೇ ಅಲ್ಲದೆ, ನಿಷ್ಪಕ್ಷಪಾತವಾಗಿ ತೀರ್ಪು ನೀಡಲು ಅದೇ ಒಂದು ಅರ್ಹತೆ ಎಂಬಂತೆ ವಾದಿಸಿದರು. ಅದೇ ಗ್ರಂಥ ಕಂಪನಿಯ ಅಧಿಕಾರಿಗಳನ್ನು ತರಬೇತುಗೊಳಿಸುವ ಹೇಲಿಬರಿ ಕಾಲೇಜಿನಲ್ಲಿ ಪಠ್ಯವಾಯಿತು. ಮುಂದೆ ಅದನ್ನು ಪುನಃ ಸಂಪಾದಿಸಿದ ಹೊರೇಸ್ ಹೇಮನ್ ವಿಲ್ಸನ್ ಅವರು ಪುಟಪುಟಕ್ಕೂ ಅಡಿಟಿಪ್ಪಣಿ ಹಾಕಿ ಮೂಲವನ್ನು ಅಲ್ಲಗಳೆಯಬೇಕಾಯಿತು. ಕಂಡೂ ಆಕರವನ್ನು ಮರೆಮಾಡಿದವರು ಒಬ್ಬರು, ಕಾಣದಿರುವುದನ್ನೇ ಗುಣವೆಂದು ಎಣಿಸಿದವರು ಇನ್ನೊಬ್ಬರು. ಈ ಇಬ್ಬರಿಗಿಂತ ಎಂಟುನೂರು ವರ್ಷಗಳ ಹಿಂದೆಯೇ ಇವೆರಡು ದೋಷಗಳನ್ನೂ ಹೆಸರಿಸಿ, ಅವುಗಳಿಂದ ಪಾರಾಗುವ ದಾರಿಯನ್ನು ಆಲೋಚಿಸಿದವನು ಅಬು ರೈಹಾನ್ ಮುಹಮ್ಮದ್ ಇಬ್ನ್ ಅಹ್ಮದ್ ಅಲ್ಬೆರೂನಿ.

ಅಲ್ಬೆರೂನಿಯು ಕ್ರಿ.ಶ. 973ರಲ್ಲಿ ಇಂದಿನ ಉಜ್ಬೇಕಿಸ್ತಾನಕ್ಕೆ ಸೇರಿದ ಖ್ವಾರಿಜ್ಮ್ ಪ್ರದೇಶದಲ್ಲಿ ಜನಿಸಿದನು. ಅವನ ತಾಯ್ನುಡಿ ಅರಬ್ಬಿಯಲ್ಲ, ಖ್ವಾರಿಜ್ಮಿ. ಅವನು ತನ್ನ ಶಾಸ್ತ್ರಗ್ರಂಥಗಳನ್ನೆಲ್ಲ ಬರೆದ ಅರಬ್ಬಿಯೂ ಅವನಿಗೆ ಕಲಿತ ಭಾಷೆಯೇ ಆಗಿತ್ತೆಂಬುದು, ಮುಂದೆ ಸಂಸ್ಕೃತದ ವಿಷಯದಲ್ಲಿ ಅವನು ತೋರಿದ ತಾಳ್ಮೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಕ್ರಿ.ಶ. 1000ದ ಸುಮಾರಿಗೇ ಪ್ರಾಚೀನ ಜನಾಂಗಗಳ ಕಾಲಗಣನೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ರಚಿಸಿದ್ದ ಈ ಖಗೋಳಜ್ಞನನ್ನು, 1017ರಲ್ಲಿ ಖ್ವಾರಿಜ್ಮ್ ರಾಜ್ಯವನ್ನು ಗೆದ್ದ ಘಜ್ನಿಯ ಮಹಮೂದನು ಇತರ ವಿದ್ವಾಂಸರೊಂದಿಗೆ ತನ್ನ ರಾಜಧಾನಿಗೆ ಕರೆದೊಯ್ದನು. ಗೌರವದ ಅತಿಥಿಯಾಗಿಯೋ ಸೆರೆಯಾಳಾಗಿಯೋ ಎಂಬುದನ್ನು ಖಚಿತವಾಗಿ ಬಿಡಿಸಿ ಹೇಳುವುದು ಕಷ್ಟ; ಎರಡೂ ಸ್ವಲ್ಪಸ್ವಲ್ಪ ಇದ್ದಿರಬೇಕು. ಮಹಮೂದನ ದಂಡಯಾತ್ರೆಗಳಿಂದ ಪಂಜಾಬು ಘಜ್ನಿಯ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ಅಲ್ಬೆರೂನಿಗೆ ಅಲ್ಲಿ ಸಂಚರಿಸಲು ಅವಕಾಶವಾಯಿತು. ಮಹಮೂದನು 1030ರಲ್ಲಿ ಮರಣಹೊಂದಿದನು. ಅದೇ ವರ್ಷದಲ್ಲಿ ಈ ಗ್ರಂಥ ರೂಪುಗೊಂಡಿತೆಂದು ಅದನ್ನು ಸಂಪಾದಿಸಿದ ಎಡ್ವರ್ಡ್ ಸಖಾವ್ ಅವರು ಒಳಸಾಕ್ಷ್ಯಗಳ ಆಧಾರದಿಂದ ನಿರ್ಣಯಿಸಿದ್ದಾರೆ. ಕೃತಿಯು ಯಾವ ದೊರೆಗೂ ಅಂಕಿತವಾಗಿಲ್ಲ.

ಗ್ರಂಥದ ಪೂರ್ಣ ಶೀರ್ಷಿಕೆ ದೀರ್ಘವಾದುದು. ಹಿಂದೂಗಳಲ್ಲಿ ಪ್ರಚಲಿತವಾದ ಮಾತುಗಳನ್ನು, ಅವು ಬುದ್ಧಿಗೆ ಒಪ್ಪುವಂಥವಾಗಿರಲಿ ಒಪ್ಪದಿರುವಂಥವಾಗಿರಲಿ, ಪರಿಶೀಲಿಸುವ ಪುಸ್ತಕ ಎಂದು ಅದರ ತಾತ್ಪರ್ಯ. ‘ತಹ್ಕೀಕ್’ ಎಂಬ ಪದ ಶೀರ್ಷಿಕೆಯಲ್ಲಿಯೇ ಇದೆ. ಸತ್ಯವನ್ನು ತನಿಖೆಮಾಡಿ ಸ್ಥಿರಪಡಿಸುವುದು ಎಂಬರ್ಥದ ಈ ಪದವೇ ಗ್ರಂಥದ ಸ್ವರೂಪವನ್ನು ಸೂಚಿಸುತ್ತದೆ. ಪೀಠಿಕೆಯಲ್ಲಿ ಅದರ ಹುಟ್ಟಿನ ಸಂದರ್ಭವನ್ನು ಲೇಖಕನು ವಿವರಿಸಿದ್ದಾನೆ. ಅಬು ಸಹ್ಲ್ ಎಂಬ ಹಿರಿಯ ವಿದ್ವಾಂಸರೊಡನೆ ಮಾತನಾಡುತ್ತಿದ್ದಾಗ, ಪರಮತಗಳ ಬಗ್ಗೆ ಬರೆಯುವವರು ಎದುರಾಳಿಯ ಸಿದ್ಧಾಂತವನ್ನು ತಿರುಚಿ ಹೇಳುವ ವಿಷಯ ಬಂದಿತು. ಮಾತು ಹಿಂದೂಗಳತ್ತ ತಿರುಗಿದಾಗ, ಅವರ ಬಗ್ಗೆ ಅರಬ್ಬಿಯಲ್ಲಿ ಇರುವುದೆಲ್ಲವೂ ಒಬ್ಬರಿಂದೊಬ್ಬರು ಎತ್ತಿ ಬರೆದದ್ದು, ಯಾವುದೂ ಶೋಧಿಸಿ ನೋಡಿದ್ದಲ್ಲ ಎಂದು ಅಲ್ಬೆರೂನಿ ಹೇಳಿದನು. ಅಬು ಸಹ್ಲ್ ಲಭ್ಯವಿದ್ದ ಪುಸ್ತಕಗಳನ್ನು ತಾವೇ ಓದಿ, ಈ ಮಾತು ನಿಜವೆಂದು ಕಂಡು, ಹಾಗಾದರೆ ನೀನೇ ಬರೆ ಎಂದರಂತೆ. ಪೀಠಿಕೆಯ ಆರಂಭದಲ್ಲಿ ಕಣ್ಣಾರೆ ಕಂಡದ್ದು ಕೇಳಿದ್ದಕ್ಕಿಂತ ಮೇಲೆಂಬುದನ್ನು ಒಪ್ಪಿಯೂ, ಕಣ್ಣಿಗೆ ಕಾಣುವುದು ಈ ಕ್ಷಣ ಮಾತ್ರ, ಕಳೆದುಹೋದದ್ದು ಬರಹದಿಂದಲೇ ತಿಳಿಯಬೇಕಾದುದು ಎಂದು ಅವನು ಒಂದು ಎಲ್ಲೆಯನ್ನು ಎಳೆಯುತ್ತಾನೆ. ಕಂಡವನೇ ಬಲ್ಲವನೆಂಬ ಪ್ರವಾಸಿಗನ ಗರ್ವ ಅವನಲ್ಲಿಲ್ಲ. ಸುಳ್ಳು ಹೇಳುವವರ ಬಗೆಗಳನ್ನೂ ಅವನು ವಿಂಗಡಿಸುತ್ತಾನೆ: ಸ್ವಂತ ಲಾಭಕ್ಕಾಗಿ ಹೇಳುವವನು, ತನ್ನವರ ಮೇಲಿನ ಪ್ರೀತಿಯಿಂದ ಅಥವಾ ಪರರ ಮೇಲಿನ ದ್ವೇಷದಿಂದ ಹೇಳುವವನು, ಇನ್ನೊಬ್ಬನು ಹೇಳಿದ ಸುಳ್ಳನ್ನು ಅರಿಯದೆ ದಾಟಿಸುವವನು. ಮೂರನೆಯವನೇ ಎಲ್ಲ ಕಾಲದಲ್ಲಿಯೂ ಸಂಖ್ಯೆಯಲ್ಲಿ ಹೆಚ್ಚು.

ತಾನು ಬರೆಯುತ್ತಿರುವುದು ಖಂಡನಗ್ರಂಥವಲ್ಲ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಹಿಂದೂಗಳ ಮತವನ್ನು ಅವರು ಹೇಳುವಂತೆಯೇ ನಿರೂಪಿಸುವುದು, ಅದಕ್ಕೆ ಹತ್ತಿರವಾದ ಗ್ರೀಕರ ಅಭಿಪ್ರಾಯವನ್ನು ಪಕ್ಕದಲ್ಲಿಟ್ಟು ಸಾಮ್ಯವನ್ನು ತೋರಿಸುವುದು – ಇಷ್ಟೇ ಉದ್ದೇಶ. ಎಂಬತ್ತು ಅಧ್ಯಾಯಗಳ ಈ ಗ್ರಂಥದಲ್ಲಿ ಈ ಕ್ರಮವನ್ನು ಬಹುಮಟ್ಟಿಗೆ ಪಾಲಿಸಲಾಗಿದೆ. ಆತ್ಮದ ಪುನರ್ಜನ್ಮವನ್ನು ಹೇಳುವಾಗ ಗೀತೆಯನ್ನೂ ಪಾತಂಜಲವನ್ನೂ ಉದಾಹರಿಸಿ, ಅನಂತರ ಪ್ಲೇಟೋನ ‘ಫೀಡೋ’ ಕೃತಿಯನ್ನೂ ಸೂಫಿಗಳ ಮಾತುಗಳನ್ನೂ ತರುತ್ತಾನೆ. ಸಾಂಖ್ಯ ಹಾಗೂ ಪಾತಂಜಲ ಗ್ರಂಥಗಳನ್ನು ಅವನು ಮೊದಲೇ ಅರಬ್ಬಿಗೆ ಅನುವಾದಿಸಿದ್ದನು. ಅವುಗಳಲ್ಲಿ ಪಾತಂಜಲದ ಅನುವಾದ ಇಸ್ತಾಂಬುಲಿನ ಹಸ್ತಪ್ರತಿಯೊಂದರಲ್ಲಿ ಉಳಿದುಬಂದು, 1956ರಲ್ಲಿ ಹೆಲ್ಮುಟ್ ರಿಟ್ಟರ್ ಅವರಿಂದ ಸಂಪಾದಿತವಾಗಿದೆ. ವಿಷ್ಣುಪುರಾಣ, ಮತ್ಸ್ಯಪುರಾಣ, ವಾಯುಪುರಾಣ, ವಿಷ್ಣುಧರ್ಮ, ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತ ಹಾಗೂ ಖಂಡಖಾದ್ಯಕ, ವರಾಹಮಿಹಿರನ ಬೃಹತ್ಸಂಹಿತೆ, ಪುಲಿಶಸಿದ್ಧಾಂತ ಮೊದಲಾದ ಆಕರಗಳನ್ನು ಅವನು ಹೆಸರಿಸಿಯೇ ಬಳಸುತ್ತಾನೆ. ಎರಡು ಪುರಾಣಗಳಲ್ಲಿ ಪಾಠ ಬೇರೆಯಾಗಿದ್ದರೆ ಎರಡನ್ನೂ ಕೋಷ್ಟಕದಲ್ಲಿ ಅಕ್ಕಪಕ್ಕ ಇಡುತ್ತಾನೆ. ಪಂಡಿತರಿಂದ ಕೇಳಿದ್ದನ್ನು ಕೇಳಿದ್ದೆಂದೂ, ಓದಿದ್ದನ್ನು ಓದಿದ್ದೆಂದೂ ಹೇಳುತ್ತಾನೆ. ಬೌದ್ಧರ ವಿಷಯ ಬಂದಾಗ, ತನಗೆ ಬೌದ್ಧ ಗ್ರಂಥವಾಗಲಿ ಬೌದ್ಧ ವಿದ್ವಾಂಸನಾಗಲಿ ದೊರೆತಿಲ್ಲವೆಂದೂ, ತಾನು ಹೇಳುತ್ತಿರುವುದು ಇರಾನ್‌ಶಹ್ರಿ ಎಂಬ ಲೇಖಕನ ಆಧಾರದಿಂದೆಂದೂ, ಆ ಲೇಖಕನ ಮಾಹಿತಿಯನ್ನು ಪೂರ್ಣವಾಗಿ ನಂಬಲಾಗದೆಂದೂ ನಿಸ್ಸಂಕೋಚವಾಗಿ ದಾಖಲಿಸಿದ್ದಾನೆ. ಹನ್ನೊಂದನೆಯ ಶತಮಾನದ ಬರಹವೊಂದರಲ್ಲಿ ಇಂಥ ಮಾತನ್ನು ಓದಿದಾಗ ಈ ಲೇಖಕನಿಗೆ ಪ್ರತಿಸಲವೂ ಆಶ್ಚರ್ಯವಾಗುತ್ತದೆ.

ಈ ಗ್ರಂಥದ ಒಂದನೆಯ ಅಧ್ಯಾಯವು ನಮ್ಮಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ, ಬಹುಶಃ ಅತಿ ಕಡಿಮೆ ಓದಲ್ಪಟ್ಟ ಭಾಗ. ಹಿಂದೂಗಳನ್ನು ಅರಿಯಲು ತನ್ನಂಥವನಿಗೆ ಎದುರಾಗುವ ಅಡ್ಡಿಗಳನ್ನು ಅವನು ಇಲ್ಲಿ ಹೇಳುತ್ತಾನೆ. ಮೊದಲನೆಯದು ಭಾಷೆ: ಒಂದು ವಸ್ತುವಿಗೆ ಅನೇಕ ಪದಗಳು, ಒಂದೇ ಪದಕ್ಕೆ ಅನೇಕ ಅರ್ಥಗಳು, ಅರಬ್ಬಿ ಲಿಪಿಗೆ ಒಗ್ಗದ ಧ್ವನಿಗಳು, ಪಾಠವನ್ನು ಒಂದೆರಡು ನಕಲಿನಲ್ಲಿಯೇ ಕೆಡಿಸಿಬಿಡುವ ಅಜಾಗರೂಕ ಲಿಪಿಕಾರರು, ಶಾಸ್ತ್ರವನ್ನೆಲ್ಲ ಶ್ಲೋಕದಲ್ಲಿ ಹೇಳುವುದರಿಂದ ಉಂಟಾಗುವ ಕ್ಲಿಷ್ಟತೆ. ಮುಂದೆ ಮತಭೇದ, ಆಚಾರಭೇದ, ಮಹಮೂದನ ದಂಡಯಾತ್ರೆಗಳಿಂದ ಉಂಟಾದ ವಿನಾಶ ಹಾಗೂ ಅದರಿಂದ ಹುಟ್ಟಿದ ದ್ವೇಷ. ಶಾಸ್ತ್ರಗಳು ಆ ಸೇನೆಯ ಕೈಗೆ ನಿಲುಕದ ಕಾಶ್ಮೀರ, ವಾರಾಣಸಿಗಳಿಗೆ ಹಿಂದೆ ಸರಿದವೆಂದು ಅವನು ಹೇಳುತ್ತಾನೆ. ಕೊನೆಗೆ, ತಮ್ಮ ದೇಶ, ತಮ್ಮ ದೊರೆ, ತಮ್ಮ ಶಾಸ್ತ್ರ ಇವುಗಳಿಗೆ ಸಾಟಿಯಿಲ್ಲವೆಂಬ ಇಲ್ಲಿಯವರ ಸ್ವಾಭಿಮಾನ.

ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಈ ಅಧ್ಯಾಯದಿಂದ ಎರಡು ವಾಕ್ಯಗಳು ಮಾತ್ರ ಮತ್ತೆ ಮತ್ತೆ ಬರುತ್ತವೆ. ಹಿಂದೂ ಸಮಾಜ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿತ್ತೆಂದು ಹೇಳಬೇಕಾದವರು ಕೊನೆಯ ಮಾತನ್ನೂ, ಮಹಮೂದನ ಕ್ರೌರ್ಯವನ್ನು ಹೇಳಬೇಕಾದವರು ಅದರ ಹಿಂದಿನ ಮಾತನ್ನೂ ಎತ್ತಿಕೊಳ್ಳುತ್ತಾರೆ. ಎರಡೂ ಗ್ರಂಥದಲ್ಲಿ ಇವೆ ಎಂಬುದು ನಿಜ. ಆದರೆ ಸ್ವಾಭಿಮಾನದ ಮಾತನ್ನು ಆಡಿದ ಕೂಡಲೆ ಅಲ್ಬೆರೂನಿ, ಇವರ ಪೂರ್ವಿಕರು ಹೀಗೆ ಸಂಕುಚಿತರಾಗಿರಲಿಲ್ಲ ಎಂದು ಹೇಳಿ, ಯವನರು ಮ್ಲೇಚ್ಛರಾದರೂ ಶಾಸ್ತ್ರದಲ್ಲಿ ಬಲ್ಲವರಾದ್ದರಿಂದ ಪೂಜ್ಯರೆಂಬ ವರಾಹಮಿಹಿರನ ಅಭಿಪ್ರಾಯವನ್ನು ಆಧಾರವಾಗಿ ಕೊಡುತ್ತಾನೆ. ತಾನು ಮೊದಲು ಇಲ್ಲಿಯ ಖಗೋಳಜ್ಞರ ಮುಂದೆ ಶಿಷ್ಯನಾಗಿ ಕುಳಿತದ್ದು, ವಿಷಯ ತಿಳಿದ ಮೇಲೆ ಅವರಿಗೆ ಕಾರಣಗಳನ್ನು ವಿವರಿಸತೊಡಗಿದಾಗ ಅವರು ಬೆರಗಾಗಿ ಯಾವ ಹಿಂದೂ ಗುರುವಿನಿಂದ ಇದನ್ನು ಕಲಿತೆಯೆಂದು ಕೇಳಿದ್ದು – ಈ ಪ್ರಸಂಗವೂ ಅಲ್ಲಿಯೇ ಬರುತ್ತದೆ. ಗ್ರೀಕರಲ್ಲಿಯೂ ಪಾಮರರು ಹೀಗೆಯೇ ಇದ್ದರು, ಸತ್ಯ ಹೇಳಿದ ಸಾಕ್ರಟೀಸನನ್ನು ಕೊಂದರು ಎಂಬ ತೌಲನಿಕ ಮಾತೂ ಇದೆ. ಇವೆಲ್ಲವನ್ನೂ ಬಿಟ್ಟು ಒಂದು ವಾಕ್ಯವನ್ನು ಕಿತ್ತು, ಅದನ್ನೂ ಇನ್ನೊಬ್ಬರ ಪುಸ್ತಕದಿಂದ ಎತ್ತಿ ಬರೆದರೆ, ಅಲ್ಬೆರೂನಿ ಯಾವ ದೋಷವನ್ನು ನೀಗಲು ಈ ಗ್ರಂಥವನ್ನು ರಚಿಸಿದನೋ ಅದೇ ದೋಷಕ್ಕೆ ಅವನ ಗ್ರಂಥವನ್ನೇ ಗುರಿಮಾಡಿದಂತಾಗುತ್ತದೆ.

ಹಾಗೆಂದು ಅವನನ್ನು ಭಾರತದ ಸ್ತುತಿಪಾಠಕನೆಂದು ಭಾವಿಸುವುದೂ ತಪ್ಪು. ಇಲ್ಲಿಯ ಗಣಿತ ಮತ್ತು ಖಗೋಳ ಸಾಹಿತ್ಯವನ್ನು ಅವನು ಮುತ್ತಿನೊಡನೆ ಸಗಣಿ ಬೆರೆತ ರಾಶಿಗೆ ಹೋಲಿಸಿದ್ದಾನೆ. ಎರಡನ್ನೂ ಬೇರ್ಪಡಿಸುವ ತರ್ಕವಿಧಾನ ಇಲ್ಲಿಲ್ಲವೆಂದು ಆಕ್ಷೇಪಿಸಿದ್ದಾನೆ. ಗ್ರಹಣದ ನಿಜವಾದ ಕಾರಣವನ್ನು ಚೆನ್ನಾಗಿ ಬಲ್ಲ ಬ್ರಹ್ಮಗುಪ್ತನು ರಾಹುವಿನ ಕಥೆಯನ್ನು ಸಮರ್ಥಿಸಿ ಮಾತನಾಡುವುದನ್ನು ಕಂಡು ಅವನು ನೊಂದುಕೊಳ್ಳುತ್ತಾನೆ. ಸಾಕ್ರಟೀಸನಿಗೆ ಒದಗಿದಂಥ ವಿಪತ್ತಿನ ಭಯ ಈತನನ್ನು ಹೀಗೆ ಮಾಡಿಸಿರಬೇಕು ಎನ್ನುತ್ತಾನೆ. ನಿಂದೆಯಲ್ಲಿಯೂ ಎದುರಿನವನ ಸ್ಥಿತಿಯನ್ನು ಊಹಿಸುವ ಈ ಗುಣ ವಿಶೇಷವಾದುದು. ವಿಗ್ರಹಾರಾಧನೆಯ ಅಧ್ಯಾಯದಲ್ಲಿ, ತಿಳಿದವರು ಅರೂಪವನ್ನು ಧ್ಯಾನಿಸುತ್ತಾರೆ, ಪ್ರತಿಮೆಗಳು ಜನಸಾಮಾನ್ಯರಿಗಾಗಿ ಇರುವಂಥವು ಎಂದು ವಿವರಿಸಿ, ತನ್ನ ಸಮಾಜದ ಅನಕ್ಷರಸ್ಥನಿಗೂ ಮೆಕ್ಕೆಯ ಚಿತ್ರವನ್ನು ತೋರಿಸಿದರೆ ಅದನ್ನು ಮುತ್ತಿಡುವನೆಂದು ಸೇರಿಸುತ್ತಾನೆ. ವರ್ಣವ್ಯವಸ್ಥೆಯನ್ನು ಹೇಳುವಾಗ ಪ್ರಾಚೀನ ಪಾರಸೀಕರಲ್ಲಿದ್ದ ಇಂಥದೇ ವಿಭಜನೆಯನ್ನು ನೆನಪಿಸುತ್ತಾನೆ. ಚತುರ್ವರ್ಣಗಳ ಹೊರಗಿನ ಅಂತ್ಯಜರನ್ನು ಅಗಸ, ಚಮ್ಮಾರ, ನೇಕಾರ, ಬೆಸ್ತ, ಅಂಬಿಗ ಮೊದಲಾದ ಎಂಟು ವೃತ್ತಿಗಳವರೆಂದು ಎಣಿಸಿ, ಅವರು ಊರ ಸಮೀಪದಲ್ಲಿ, ಆದರೆ ಊರ ಹೊರಗೆ ವಾಸಿಸುತ್ತಾರೆಂದು ದಾಖಲಿಸಿದ್ದಾನೆ. ಅದೇ ಅವಧಿಯ ಸಂಸ್ಕೃತ ಧರ್ಮಶಾಸ್ತ್ರಗಳು ವಿಧಿಯನ್ನು ಹೇಳುತ್ತವೆಯೇ ಹೊರತು ಹೀಗೆ ಊರಿನ ನಕ್ಷೆಯನ್ನು ಕೊಡುವುದಿಲ್ಲ.

ಆಕರವನ್ನು ಬಯಲಿಗಿಟ್ಟು ಬರೆದ ಗ್ರಂಥ ತಪ್ಪಿದಾಗಲೂ ಹೇಗೆ ಉಪಕಾರಿಯಾಗುತ್ತದೆ ಎಂಬುದನ್ನು ಗುಪ್ತಶಕೆಯ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ನಲವತ್ತೊಂಬತ್ತನೆಯ ಅಧ್ಯಾಯದಲ್ಲಿ ಅಲ್ಬೆರೂನಿ ಭಾರತದಲ್ಲಿ ಬಳಕೆಯಲ್ಲಿದ್ದ ಶಕೆಗಳನ್ನು ಹೋಲಿಸಲು ಪಾರಸೀಕರ ಯಜ್ದಗಿರ್ದ್ ಶಕೆಯ 400ನೆಯ ವರ್ಷವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾನೆ. ಅದಕ್ಕೆ ಸರಿಯಾಗಿ ಶ್ರೀಹರ್ಷ ಶಕೆ 1488, ವಿಕ್ರಮ ಶಕೆ 1088, ಶಾಲಿವಾಹನ ಶಕೆ 953, ವಲಭಿ ಹಾಗೂ ಗುಪ್ತಶಕೆ 712 ಎಂದು ಲೆಕ್ಕ ಕೊಡುತ್ತಾನೆ. ಅಂದರೆ ಗುಪ್ತಶಕೆಯು ಶಾಲಿವಾಹನ ಶಕೆಗಿಂತ 241 ವರ್ಷ ಈಚಿನದು. ಇದನ್ನೇ ಪಂಚಾಂಗದವರ ಸೂತ್ರರೂಪದಲ್ಲಿಯೂ ಹೇಳುತ್ತಾನೆ: ಶಕವರ್ಷದಿಂದ ಆರರ ಘನವನ್ನೂ ಐದರ ವರ್ಗವನ್ನೂ, ಎಂದರೆ 216 ಮತ್ತು 25ನ್ನು, ಕಳೆದರೆ ವಲಭಿ ವರ್ಷ ದೊರೆಯುತ್ತದೆ. ಒಂದೇ ಸಂಖ್ಯೆಯನ್ನು ಹೀಗೆ ಬೇರೆ ಬೇರೆ ದಾರಿಗಳಿಂದ ಕೊಟ್ಟದ್ದರ ಬೆಲೆ ಪಾಠಸಂಪಾದನೆಯ ಅನುಭವವಿರುವವರಿಗೆ ತಿಳಿದೀತು. ಯಾವ ಲಿಪಿಕಾರನ ಕೈತಪ್ಪೂ ಮೂರು ಕಡೆ ಒಂದೇ ಬಗೆಯಾಗಿ ಬೀಳಲಾರದು.

ಆದರೆ ಇದೇ ಎಡೆಯಲ್ಲಿ ಇನ್ನೊಂದು ಮಾತಿದೆ. ಗುಪ್ತರು ದುಷ್ಟರೂ ಬಲಿಷ್ಠರೂ ಆಗಿದ್ದರೆಂದೂ, ಅವರು ನಾಶವಾದಂದಿನಿಂದ ಈ ಶಕೆ ಎಣಿಕೆಗೆ ಬಂದಿತೆಂದೂ ಜನರು ಹೇಳುತ್ತಾರೆ ಎಂದು ಅವನು ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫ್ರೆಂಚ್ ಅನುವಾದದ ಮೂಲಕ ಈ ಭಾಗ ವಿದ್ವಾಂಸರಿಗೆ ಪರಿಚಯವಾದಾಗ ದೊಡ್ಡ ಗೊಂದಲವೇ ಉಂಟಾಯಿತು. ಶಕೆಯ ಆರಂಭ ಕ್ರಿ.ಶ. 319ರಲ್ಲಿ, ಅದು ಗುಪ್ತರ ಅಂತ್ಯಕಾಲ ಎಂದಾದರೆ, ಅವರ ಏಳಿಗೆಯ ಕಾಲ ಅದಕ್ಕೂ ಹಿಂದಿನದಾಗಬೇಕು. ಶಾಸನಗಳಲ್ಲಿ ಬರುವ ಗುಪ್ತವರ್ಷಗಳನ್ನು ಬೇರೆ ಆರಂಭದಿಂದ ಎಣಿಸಬೇಕು. ಎಡ್ವರ್ಡ್ ಥಾಮಸ್ ಅವರು ಆ ವರ್ಷಗಳನ್ನು ಕ್ರಿ.ಶ. 78ರ ಶಕೆಯೊಡನೆಯೇ ಸಮೀಕರಿಸಿದರು. ಕನಿಂಗ್‌ಹ್ಯಾಂ ಅವರು ಕ್ರಿ.ಶ. 166ರ ಸುಮಾರನ್ನು ಸೂಚಿಸಿದರು. ಒಂದು ವಂಶದ ಕಾಲ ಇನ್ನೂರೈವತ್ತು ವರ್ಷಗಳಷ್ಟು ಹಿಂದೆ ಮುಂದೆ ತೂಗಾಡುತ್ತಿದ್ದರೆ ಅದಕ್ಕೆ ಹೊಂದಿಕೊಂಡ ಶಿಲ್ಪ, ಸಾಹಿತ್ಯ, ಲಿಪಿ ಎಲ್ಲದರ ಕಾಲವೂ ತೂಗಾಡುತ್ತಿತ್ತು.

ಈ ಗೊಂದಲವನ್ನು ಬಿಡಿಸಿದವರು ಕರ್ನಾಟಕದ ಸಂಶೋಧಕರಿಗೆ ಚಿರಪರಿಚಿತರಾದ ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಗ್ರಂಥ ಬರೆದವರೂ, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರೂ ಇವರೇ. ಮಂದಸೋರಿನಲ್ಲಿ ದೊರೆತ ರೇಷ್ಮೆ ನೇಕಾರರ ಶ್ರೇಣಿಯ ಶಾಸನದಲ್ಲಿ, ಕುಮಾರಗುಪ್ತನು ಆಳುತ್ತಿದ್ದಾಗ, ಬಂಧುವರ್ಮನು ಅಲ್ಲಿಯ ಅಧಿಪತಿಯಾಗಿದ್ದಾಗ, ಮಾಲವ ವರ್ಷ 493ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದ ವಿಷಯವಿದೆ. ಮಾಲವ ಶಕೆಯು ವಿಕ್ರಮ ಶಕೆಯೇ ಆದ್ದರಿಂದ ಇದು ಕ್ರಿ.ಶ. 436ಕ್ಕೆ ಸರಿಹೊಂದುತ್ತದೆ. ಕುಮಾರಗುಪ್ತನ ಇತರ ದಾಖಲೆಗಳು ಗುಪ್ತವರ್ಷ 96ರಿಂದ ದೊರೆಯುತ್ತವೆ. ಅಲ್ಬೆರೂನಿಯ 241ರ ಲೆಕ್ಕದಂತೆ ಶಕೆಯನ್ನು ಕ್ರಿ.ಶ. 319-20ರಿಂದ ಎಣಿಸಿದರೆ 96ನೆಯ ವರ್ಷ ಕ್ರಿ.ಶ. 415ಕ್ಕೆ ಬೀಳುತ್ತದೆ, ಮಂದಸೋರಿನ ಕಾಲ ಅವನ ಆಳ್ವಿಕೆಯೊಳಗೆ ಸರಿಯಾಗಿ ಕೂಡುತ್ತದೆ. ಬೇರೆ ಯಾವ ಆರಂಭದಿಂದ ಎಣಿಸಿದರೂ ಕೂಡುವುದಿಲ್ಲ. 1888ರಲ್ಲಿ ಪ್ರಕಟವಾದ ಗುಪ್ತಶಾಸನಗಳ ಸಂಪುಟದಲ್ಲಿ ಫ್ಲೀಟ್ ಅವರು ಇದನ್ನು ಸಾಧಿಸಿ ತೋರಿಸಿದರು. ಹಾಗಾದರೆ ಅಲ್ಬೆರೂನಿಯ ಸಂಖ್ಯೆ ಸರಿ, ವಿವರಣೆ ತಪ್ಪು. ಸಂಖ್ಯೆ ಬಂದದ್ದು ಲೆಕ್ಕವನ್ನು ದಿನವೂ ಬಳಸುತ್ತಿದ್ದ ಪಂಚಾಂಗದವರಿಂದ; ವಿವರಣೆ ಬಂದದ್ದು ಜನರ ಬಾಯಿಮಾತಿನಿಂದ. ಶಕೆಯು ದುಷ್ಟ ದೊರೆಗಳ ಅಂತ್ಯದಿಂದ ಆರಂಭವಾಗುತ್ತದೆಂಬ ಕಥೆಯನ್ನು ಶಾಲಿವಾಹನ ಶಕೆಯ ಬಗ್ಗೆಯೂ ಅವನು ಕೇಳಿ ಬರೆದಿರುವುದರಿಂದ, ಇದು ಆಗ ಪ್ರಚಲಿತವಾಗಿದ್ದ ಒಂದು ಸಿದ್ಧಕಥೆಯೆಂದು ಊಹಿಸಬಹುದು. ಅವನು ‘ಜನರು ಹೇಳುತ್ತಾರೆ’ ಎಂಬ ಮಾತನ್ನು ಬಿಟ್ಟು, ಎರಡನ್ನೂ ಒಂದೇ ಎರಕದಲ್ಲಿ ಹೊಯ್ದು ಬರೆದಿದ್ದರೆ, ಸಂಖ್ಯೆಯನ್ನು ಉಳಿಸಿಕೊಂಡು ವಿವರಣೆಯನ್ನು ಬಿಡುವ ಧೈರ್ಯ ಯಾರಿಗೂ ಸುಲಭವಾಗಿ ಬರುತ್ತಿರಲಿಲ್ಲ.

ಕರ್ನಾಟಕದ ವಿಷಯದಲ್ಲಿಯೂ ಈ ವಿವೇಚನೆ ಅಗತ್ಯ. ಅಲ್ಬೆರೂನಿ ತಾನು ಅಕ್ಷಾಂಶವನ್ನು ಅಳೆದ ಸ್ಥಳಗಳ ಪಟ್ಟಿಯನ್ನು ಕೊಟ್ಟಿದ್ದಾನೆ: ಘಜ್ನಿ, ಕಾಬೂಲ್, ಪೇಶಾವರ, ಜೇಲಂ, ನಂದನ, ಸಿಯಾಲಕೋಟೆ, ಮುಲ್ತಾನ್ ಮೊದಲಾದವು. ಇವುಗಳಿಂದಾಚೆ ತಾನು ಹೋಗಿಲ್ಲವೆಂದೂ ಹೇಳಿದ್ದಾನೆ. ವಿಂಧ್ಯದ ಈಚೆಯ ಸಂಗತಿಗಳೆಲ್ಲ ಅವನಿಗೆ ಕರ್ಣಾಕರ್ಣಿಯಾಗಿ ಬಂದವು. ಹದಿನಾರನೆಯ ಅಧ್ಯಾಯದಲ್ಲಿ ಭಾರತದ ಲಿಪಿಗಳನ್ನು ಹೆಸರಿಸುತ್ತ, ಕಾಶ್ಮೀರ ಮತ್ತು ವಾರಾಣಸಿಗಳ ಸಿದ್ಧಮಾತೃಕಾ, ಮಾಳವದ ನಾಗರ, ಆಂಧ್ರದೇಶದ ಆಂಧ್ರಿ, ದ್ರವಿಡದೇಶದ ಲಿಪಿ, ಪೂರ್ವದೇಶದ ಗೌಡಿ ಇವುಗಳ ಜೊತೆಗೆ ಕರ್ಣಾಟದೇಶದ ಕರ್ಣಾಟ ಲಿಪಿಯನ್ನೂ ಹೇಳುತ್ತಾನೆ. ಸೈನ್ಯಗಳಲ್ಲಿ ‘ಕನ್ನರ’ ಎಂದು ಹೆಸರಾದ ಪಡೆಗಳು ಬರುವುದು ಆ ದೇಶದಿಂದ ಎಂದು ಸೇರಿಸುತ್ತಾನೆ. ಈ ಒಂದು ವಾಕ್ಯ ನಮಗೆ ಅಮೂಲ್ಯವಾದುದು. ಕನ್ನಡದ ಲಿಪಿ ಆಂಧ್ರಲಿಪಿಯಿಂದ ಬೇರೆಯೆಂದು ಉತ್ತರದ ಪಂಡಿತರು ಆಗ ಎಣಿಸುತ್ತಿದ್ದರೆಂಬುದಕ್ಕೆ ಇದು ಸಾಕ್ಷ್ಯ. ಕನ್ನಡ ಯೋಧರ ವಿಷಯವನ್ನಂತೂ ಬೇರೆ ಆಕರಗಳು ದೃಢಪಡಿಸುತ್ತವೆ. ಬಂಗಾಳದ ಪಾಲರ ತಾಮ್ರಶಾಸನಗಳಲ್ಲಿ ಗೌಡ, ಮಾಲವ, ಖಸ, ಹೂಣರೊಡನೆ ಕರ್ಣಾಟರೂ ಸೇವಕವರ್ಗದಲ್ಲಿ ಎಣಿಕೆಯಾಗಿದ್ದಾರೆ. ಅದೇ ಹನ್ನೊಂದನೆಯ ಶತಮಾನದ ಕೊನೆಗೆ ಮಿಥಿಲೆಯಲ್ಲಿ ನಾನ್ಯದೇವನು ಸ್ಥಾಪಿಸಿದ ವಂಶ ಕರ್ಣಾಟವಂಶವೆಂದೇ ಹೆಸರಾಯಿತು. ಘಜ್ನಿಯಲ್ಲಿ ಕುಳಿತವನ ಕಿವಿಗೆ ಕನ್ನಡಿಗರು ಮೊದಲು ಬಿದ್ದದ್ದು ಪಂಡಿತರಾಗಿ ಅಲ್ಲ, ಕಾಲಾಳುಗಳಾಗಿ.

ದೂರದ ದಾರಿಗಳನ್ನು ಹೇಳುವ ಹದಿನೆಂಟನೆಯ ಅಧ್ಯಾಯದ ಸ್ಥಿತಿ ಬೇರೆ. ಅಲ್ಲಿ ಗಾಂಗೇಯನು ಆಳುತ್ತಿದ್ದ ಡಾಹಲದ ತ್ರಿಪುರಿಯಿಂದ ಮುಂದಕ್ಕೆ ಹೋಗುವ ಮಾರ್ಗದಲ್ಲಿ, ಸಖಾವ್ ಅವರು ‘ಕನ್ನಕರ’ ಎಂದು ಓದಿರುವ ರಾಜ್ಯವೂ, ಅದರಾಚೆ ಸಮುದ್ರತೀರದಲ್ಲಿರುವ ‘ಬನವಾಸ್’ ಎಂಬ ಊರೂ ಬರುತ್ತವೆ. ಇದು ಬನವಾಸಿಯೇ ಆಗಿದ್ದರೆ, ಅದು ಕಡಲತೀರದಲ್ಲಿಲ್ಲ. ಘಟ್ಟದ ಮೇಲೆ, ವರದಾ ನದಿಯ ದಡದಲ್ಲಿದೆ. ತ್ರಿಪುರಿಯಿಂದ ಅವನು ಕೊಡುವ ಇಪ್ಪತ್ತು ಫರ್ಸಖ್‌ಗಳ ದೂರವೂ ಯಾವ ಕನ್ನಡ ನಾಡನ್ನೂ ಮುಟ್ಟಲಾರದು. ವ್ಯಾಪಾರಿಗಳ ಬಾಯಿಂದ ಬಂದ ಊರ ಹೆಸರುಗಳು ನಡುವಿನ ಯೋಜನಗಳನ್ನು ಕಳೆದುಕೊಂಡು ಅವನನ್ನು ತಲುಪಿವೆ. ಹೆಸರನ್ನು ಸ್ವೀಕರಿಸಿ ದೂರವನ್ನು ಬಿಡಬೇಕಾದ ಸಂದರ್ಭವಿದು. ಬನವಾಸಿಯ ಪ್ರಾಚೀನ ಖ್ಯಾತಿಗೆ ಅಲ್ಬೆರೂನಿಯ ಸಾಕ್ಷ್ಯವನ್ನು ಕೊಡುವವರು ಈ ಎಚ್ಚರಿಕೆಯನ್ನೂ ಜೊತೆಗೆ ಕೊಡಬೇಕಾಗುತ್ತದೆ.

ಅವನ ಗ್ರಂಥದ ಮಿತಿಗಳು ಅವನ ಆಕರಗಳ ಮಿತಿಗಳೇ. ಅವನಿಗೆ ದೊರೆತವರು ಬ್ರಾಹ್ಮಣ ಪಂಡಿತರು, ದೊರೆತದ್ದು ಸಂಸ್ಕೃತ ಗ್ರಂಥಗಳು. ಹಣ ಶ್ರಮಗಳನ್ನು ಲೆಕ್ಕಿಸದೆ ದೂರದೂರುಗಳಿಂದ ಪುಸ್ತಕಗಳನ್ನೂ ಪಂಡಿತರನ್ನೂ ತರಿಸಿಕೊಂಡೆನೆಂದು ಅವನು ಹೇಳುತ್ತಾನಾದರೂ, ದೇಶಭಾಷೆಗಳ ಸಾಹಿತ್ಯ ಅವನ ದೃಷ್ಟಿಗೆ ಬೀಳಲಿಲ್ಲ. ಪ್ರತಿಮೆಗಳ ಅಳತೆಯನ್ನು ಅವನು ಬೃಹತ್ಸಂಹಿತೆಯಿಂದ ಕೊಡುತ್ತಾನೆ. ದೇವಾಲಯಗಳ ಮುಂದೆ ನಿಂತು ನೋಡಿ ಬರೆದದ್ದು ಅತ್ಯಲ್ಪ. ಜೈನರು ಅವನ ಗ್ರಂಥದಲ್ಲಿ ಬಹುತೇಕ ಇಲ್ಲವೇ ಇಲ್ಲ. ಅವನು ಹತ್ತು ಹನ್ನೆರಡು ವರ್ಷದ ಬಾಲಕನಾಗುವ ಹೊತ್ತಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪ್ರತಿಮೆ ನಿಂತಿತ್ತು. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನು ‘ಅಜಿತಪುರಾಣ’ವನ್ನು ಮುಗಿಸಿದ್ದನು. ಅವನ ಜೀವಿತದ ಕೊನೆಯ ವರ್ಷಗಳಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ಕನ್ನಡದಲ್ಲಿ ‘ಜಾತಕತಿಲಕ’ವನ್ನು ರಚಿಸಿದನು. ಶಾಸ್ತ್ರವೆಂದರೆ ಸಂಸ್ಕೃತದ ಶ್ಲೋಕವೆಂದೇ ನಂಬಿದ್ದ ಅಲ್ಬೆರೂನಿಗೆ, ಜ್ಯೋತಿಷವನ್ನು ದೇಶಭಾಷೆಯಲ್ಲಿ ಬರೆಯುವವರೂ ಈ ದೇಶದಲ್ಲಿದ್ದಾರೆ ಎಂಬುದು ತಿಳಿದಿದ್ದರೆ ಅವನ ಒಂದನೆಯ ಅಧ್ಯಾಯದ ಒಂದೆರಡು ಪುಟಗಳಾದರೂ ಬದಲಾಗುತ್ತಿದ್ದವು. ಯೂಕ್ಲಿಡ್ ಮತ್ತು ಟಾಲೆಮಿಯರ ಗ್ರಂಥಗಳನ್ನು ಸಂಸ್ಕೃತಕ್ಕೆ ತರುವ ಕೆಲಸದಲ್ಲಿ ತೊಡಗಿದ್ದೇನೆಂದೂ, ತಾನು ಹೇಳಿದ್ದನ್ನೆಲ್ಲ ಪಂಡಿತರು ಅರ್ಥವಾಗದಂಥ ಶ್ಲೋಕಗಳನ್ನಾಗಿ ಮಾಡಿಬಿಡುತ್ತಾರೆಂದೂ ಅವನು ಗೊಣಗಿಕೊಂಡಿರುವುದನ್ನು ಇಲ್ಲಿ ನೆನೆಯಬಹುದು. ಆ ಅನುವಾದಗಳು ನಮಗೆ ಉಳಿದುಬಂದಿಲ್ಲ.

ಮೂಲಗ್ರಂಥವೂ ಉಳಿದದ್ದು ಸಣ್ಣ ಎಳೆಯ ಮೇಲೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಇರಾನಿನ ಮಂತ್ರಿ ಹಾಗೂ ಇತಿಹಾಸಕಾರ ರಶೀದುದ್ದೀನನು ತನ್ನ ವಿಶ್ವೇತಿಹಾಸದ ಭಾರತಖಂಡದಲ್ಲಿ ಇದನ್ನು ಬಳಸಿಕೊಂಡನು. ಅದನ್ನು ಬಿಟ್ಟರೆ ಇಂಥ ಗ್ರಂಥಕ್ಕೆ ಸಲ್ಲಬೇಕಾದ ಅನುಯಾಯಿಗಳು ದೊರೆಯಲಿಲ್ಲ. ಸಖಾವ್ ಅವರ ಅರಬ್ಬಿ ಪರಿಷ್ಕರಣವು (1887) ಮುಖ್ಯವಾಗಿ ನಿಂತಿರುವುದು ಪ್ಯಾರಿಸಿನ ವಿದ್ವಾಂಸ ಶಾರ್ಲ್ ಶೆಫೆರ್ ಅವರ ಸಂಗ್ರಹದಲ್ಲಿದ್ದ, 1159ರಲ್ಲಿ ನಕಲಾದ ಹಸ್ತಪ್ರತಿಯೊಂದರ ಮೇಲೆ; ಅದು ಲೇಖಕನ ಸ್ವಹಸ್ತಪ್ರತಿಯಿಂದ ತೆಗೆದದ್ದೆಂದು ಅವರು ಭಾವಿಸಿದ್ದರು. 1888ರಲ್ಲಿ ಅವರ ಇಂಗ್ಲಿಷ್ ಅನುವಾದ ಎರಡು ಸಂಪುಟಗಳಲ್ಲಿ ಹೊರಬಂದಿತು. ನಮ್ಮ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಈ ಅನುವಾದದ ಮರುಮುದ್ರಣಗಳು ಅಥವಾ ಅದರ ಸಂಗ್ರಹರೂಪಗಳು. ಸಂಗ್ರಹಗಳಲ್ಲಿ ಮೊದಲು ಬಿಟ್ಟುಹೋಗುವುದು ಕೋಷ್ಟಕಗಳು, ಪಾಠಭೇದಗಳು, ಗ್ರಂಥನಾಮಗಳು, ಎಂದರೆ ಆಕರಗಳೇ. ಹೈದರಾಬಾದಿನ ದಾಯಿರತುಲ್ ಮಆರಿಫ್ ಸಂಸ್ಥೆ 1958ರಲ್ಲಿ ಅರಬ್ಬಿ ಪಠ್ಯವನ್ನು ಮತ್ತೆ ಪ್ರಕಟಿಸಿತು. ಕಲಬುರ್ಗಿ, ಬೀದರಗಳಿಗೆ ಇಷ್ಟು ಸಮೀಪದಲ್ಲಿ ಮುದ್ರಣಗೊಂಡ ಈ ಆವೃತ್ತಿಯನ್ನು ಕರ್ನಾಟಕದ ಇತಿಹಾಸಕಾರರು ಬಳಸಿದ್ದು ಅಪರೂಪ. ಅರಬ್ಬಿ ಲಿಪಿಯಲ್ಲಿ ಹ್ರಸ್ವಸ್ವರಗಳು ಬರೆಯಲ್ಪಡುವುದಿಲ್ಲ. ಅಕ್ಷರದ ಮೇಲಿನ ಚುಕ್ಕೆಯೊಂದು ಜಾರಿದರೆ ಊರೊಂದು ಬೇರೆ ಊರಾಗುತ್ತದೆ. ‘ಕನ್ನರ’, ‘ಕನ್ನಕರ’, ‘ಬನವಾಸ್’ ಎಂಬ ಓದುಗಳು ಬರ್ಲಿನ್ನಿನ ಸಂಪಾದಕರೊಬ್ಬರು ತಮ್ಮ ಮುಂದಿನ ಅಕ್ಷರಗಳಿಗೆ ಕೊಟ್ಟ ರೂಪಗಳು. ಹಳಗನ್ನಡದ ಶಾಸನಗಳನ್ನು ಬಲ್ಲವರೊಬ್ಬರೂ ಅರಬ್ಬಿಯನ್ನು ಬಲ್ಲವರೊಬ್ಬರೂ ಆ ಪುಟಗಳನ್ನು ಒಟ್ಟಿಗೆ ಕುಳಿತು ಓದಬೇಕಾಗಿದೆ. ಹದಿನಾರನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳಿಂದ ಆ ಕೆಲಸವನ್ನು ಆರಂಭಿಸಬಹುದು.